ಮಧ್ಯಾಹ್ನದ ರಾತ್ರಿಗಾಡಿ

“ಗುರುಗಳೇ, ಹೊರಗಿನ ಯಾವ ಸದ್ದೂ ಕಿವಿಗೆ ಬೀಳದಷ್ಟು ಏಕಾಗ್ರತೆ ಬರಬೇಕಾದರೆ ಏನು ಮಾಡಬೇಕು?” ಎಂದು ಶಿಷ್ಯ ವಿರೂಪಾಕ್ಷ ಕೇಳಿದ.

ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಧ್ಯಾನಕ್ಕೆ ಕುಳಿತರೆ ದಾಸೋಹದ ಮನೆಯ ಪಾತ್ರೆಗಳ ಸದ್ದು, ಬಾಗಿಲಿಗೆ ಬಂದವರ ಮಾತು, ಯಾರೋ ಯಾರನ್ನೋ ಕರೆದ ದನಿ, ಎಲ್ಲವೂ ಕೇಳಿಸುತ್ತದೆ ಎಂಬುದು ಅವನ ಕೊರಗು. ಹಿತ್ತಲ ಕಡೆಯ ಕೋಣೆಯನ್ನು ತನಗೆ ಬಿಟ್ಟುಕೊಟ್ಟು, ಯಾರೂ ಬಾಗಿಲು ತಟ್ಟಕೂಡದೆಂದು ಅಪ್ಪಣೆ ಮಾಡಿದರೆ ಆರು ತಿಂಗಳಲ್ಲಿ ಸಾಧಿಸಿ ತೋರಿಸುತ್ತೇನೆ ಎಂದ. ಗುರುಗಳು ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಅದನ್ನು ಸಾಧಿಸಿದವನೊಬ್ಬನನ್ನು ನಾನು ಬಲ್ಲೆ, ಅವನ ಕತೆ ಕೇಳು ಎಂದು ಶುರುಮಾಡಿದರು.

ಒಬ್ಬ ರೈಲು ಚಾಲಕನಿದ್ದ. ಮೂವತ್ತಾರು ವರ್ಷ ಗಾಡಿ ಓಡಿಸಿದ. ಹೆಚ್ಚಿನವು ರಾತ್ರಿಗಾಡಿಗಳೇ. ಊರು ಮಲಗಿದಾಗ ಅವನು ಎದ್ದಿರುತ್ತಿದ್ದ, ಊರು ಎದ್ದಾಗ ಮಲಗುತ್ತಿದ್ದ. ಹಗಲು ಅವನು ಮಲಗಿದನೆಂದರೆ ಹೆಂಡತಿ ಒಗ್ಗರಣೆಯನ್ನೂ ಸದ್ದಾಗದಂತೆ ಹಾಕುತ್ತಿದ್ದಳು. ಸದ್ದಿಲ್ಲದ ಒಗ್ಗರಣೆ ಎಲ್ಲಿಯದು ಎಂದು ನಗಬೇಡ. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು, ಹೊಗೆ ಕುಡಿದುಕೊಂಡು ಹಾಕುತ್ತಿದ್ದಳು. ಗಂಡ ರಾತ್ರಿಯೆಲ್ಲ ಏನು ಮಾಡುತ್ತಾನೆ ಎಂಬುದನ್ನು ಅವಳು ಒಂದು ದಿನವೂ ಕಂಡವಳಲ್ಲ. ಬುತ್ತಿ ಕಟ್ಟಿ ಕೊಡುವುದು, ಮರಳಿ ಬಂದ ಡಬ್ಬಿ ತೊಳೆದಿಡುವುದು, ಅವಳ ಪಾಲಿನ ರೈಲು ಅಷ್ಟೇ.

ನಿವೃತ್ತಿಯಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತ ಗುಣವೂ ಸುಲಭಕ್ಕೆ ಹೋಗುವಂಥದಲ್ಲ. ಗಾಡಿಯಿಲ್ಲದೆ ಅವನು ಚಡಪಡಿಸಿದ. ಅದನ್ನು ನೋಡಲಾರದೆ ಮಗಳು ಒಂದು ಕಂಪ್ಯೂಟರ್ ತಂದು, ರೈಲು ಓಡಿಸುವ ಆಟವೊಂದನ್ನು ಅದರಲ್ಲಿ ಹಾಕಿಕೊಟ್ಟಳು. ಮಕ್ಕಳಾಟಿಕೆಯೆಂದು ತಿಳಿಯಬೇಡ. ಹಳಿ, ನಿಲ್ದಾಣ, ಸಿಗ್ನಲ್, ವೇಗದ ಮಿತಿ, ಬ್ರೇಕು, ಎಲ್ಲವೂ ನಿಜದಂತೆಯೇ ಇರುತ್ತವೆ. ಪ್ರತಿ ಓಟದ ಕೊನೆಗೆ ಅಂಕ ಕೊಡುತ್ತದೆ. ಒಂದು ನಿಮಿಷ ತಡವಾದರೆ ಅಂಕ ಹೋಯಿತು, ಬ್ರೇಕು ಜೋರಾಗಿ ಹಿಡಿದರೂ ಹೋಯಿತು. ಚಾಲಕನಿಗೆ ಹೋದ ಜೀವ ಬಂದಂತಾಯಿತು.

ಆಟದಲ್ಲೂ ಅವನು ಆರಿಸಿಕೊಂಡದ್ದು ರಾತ್ರಿಗಾಡಿಯನ್ನೇ. ಆದರೆ ಈಗ ವಯಸ್ಸಾಗಿತ್ತು, ಕತ್ತಲಾದರೆ ಕಣ್ಣು ಎಳೆಯುತ್ತಿತ್ತು. ಆದ್ದರಿಂದ ಮಧ್ಯಾಹ್ನದ ಹೊತ್ತು ಕೋಣೆಯ ಕಿಟಕಿ ಮುಚ್ಚಿ, ಪರದೆ ಎಳೆದು, ದೀಪ ಆರಿಸಿ, ಹಗಲನ್ನೇ ರಾತ್ರಿ ಮಾಡಿಕೊಂಡು ಕೂರುತ್ತಿದ್ದ. ಹೊರಗೆ ಬಟ್ಟೆ ಒಣಗುವ ಬಿಸಿಲು ಇರುತ್ತಿತ್ತು. ಒಳಗೆ ಗಾಡಿ ಕತ್ತಲಲ್ಲಿ ಓಡುತ್ತಿತ್ತು.

ಹೆಂಡತಿಗೆ ಮೊದಲು ನಗು ಬಂತು, ಆಮೇಲೆ ಆಸೆ ಬಂತು. ಇಷ್ಟು ವರ್ಷಕ್ಕೆ ಗಂಡನ ಕೆಲಸ ಮನೆಯೊಳಗೇ ಬಂದಿದೆಯಲ್ಲ ಎಂದು, ಒಂದು ದಿನ ಕೋಣೆಯ ಬಾಗಿಲಲ್ಲಿ ನಿಂತು ತನಗೂ ಏನಾದರೂ ಕೆಲಸ ಕೊಡಿ ಎಂದಳು.

ಅವನು ಯೋಚಿಸಿ ಒಂದು ಕೆಲಸ ಕೊಟ್ಟ. ಇಂಜಿನ್ನಿನಲ್ಲಿ ಒಂದು ಪದ್ಧತಿಯುಂಟು. ಸಿಗ್ನಲ್ ಕಂಡೊಡನೆ ಚಾಲಕ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು. ಪಕ್ಕದಲ್ಲಿರುವ ಸಹಾಯಕ ತಾನೂ ನೋಡಿ ಅದನ್ನು ತಿರುಗಿ ಹೇಳಬೇಕು. ಇಬ್ಬರಿಗೂ ಎಚ್ಚರವಿದೆ ಎಂಬುದಕ್ಕೆ ಅದೇ ಸಾಕ್ಷಿ. ಅವಳಿಗೆ ಸಿಗ್ನಲ್ ಕಾಣದಿದ್ದರೂ ಚಿಂತೆಯಿಲ್ಲ, ತಾನು ಕೂಗಿದ ಬಣ್ಣವನ್ನು ಅಡುಗೆಮನೆಯಿಂದಲೇ ತಿರುಗಿ ಕೂಗಿದರೆ ಸಾಕು ಎಂದ.

“ನಾನು ಕೂಗದೇ ಇದ್ರೆ ಏನ್ಮಾಡ್ತೀರಿ?” ಎಂದು ಅವಳು ಕೇಳಿದಳು.

“ಇನ್ನೊಂದ್ಸಲ ಕೇಳ್ತೀನಿ. ಆಗ್ಲೂ ದನಿ ಬರ್ಲಿಲ್ಲ ಅಂದ್ರೆ ಗಾಡಿ ನಿಲ್ಲಿಸಿ, ನಿನಗೇನಾಯ್ತು ಅಂತ ಬಂದು ನೋಡ್ಬೇಕು. ಅದು ನಿಯಮ.”

ಅಂದಿನಿಂದ ಆ ಮನೆಯಲ್ಲಿ ಮಧ್ಯಾಹ್ನವೆಲ್ಲ ಬಣ್ಣಗಳ ಕೂಗು. ಕೋಣೆಯಿಂದ ಹಸಿರು ಎಂದರೆ ಅಡುಗೆಮನೆಯಿಂದ ಹಸಿರು. ಹಳದಿ ಎಂದರೆ ಹಳದಿ. ಇಬ್ಬರಿಗೂ ಒಟ್ಟಿಗೇ ಅರಳುಮರಳು ಹಿಡಿಯಿತೆಂದು ಪಕ್ಕದ ಮನೆಯವರು ಆಡಿಕೊಂಡರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕಿ ಆರಿಸುತ್ತ ಕೂಗಿದಳು, ತೆಂಗಿನಕಾಯಿ ತುರಿಯುತ್ತ ಕೂಗಿದಳು. ಮೂವತ್ತಾರು ವರ್ಷದ ಮೇಲೆ ತಾನೂ ಗಂಡನ ಜೊತೆ ಇಂಜಿನ್ ಹತ್ತಿದೆನೆಂಬ ಸಂತೋಷ ಅವಳಿಗೆ.

ತಿಂಗಳಾದ ಮೇಲೆ ಒಂದು ದಿನ ಅವಳಿಗೆ ತುಂಟತನ ಹುಟ್ಟಿತು. ಅವನು ಹಸಿರು ಎಂದ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ಸುಮ್ಮನಿದ್ದಳು. ಇನ್ನೊಂದು ಸಲ ಕೂಗಿದ. ಆಗಲೂ ಸುಮ್ಮನಿದ್ದಳು. ಅವನು ಗಾಡಿ ನಿಲ್ಲಿಸಿ ಒಂದೇ ಉಸಿರಿಗೆ ಓಡಿಬಂದ. ಅವಳು ಒಲೆಯ ಮುಂದೆ ನಗುತ್ತ ನಿಂತಿದ್ದಳು. ಆಗತಾನೇ ಕರಿದ ಹಪ್ಪಳವೊಂದನ್ನು ಬಿಸಿಯಿರುವಾಗಲೇ ತಿನ್ನಿ ಎಂದು ಕೈಗಿಟ್ಟಳು. ಅವನು ತಿನ್ನಲಿಲ್ಲ. ಗಾಡಿ ನಾಲ್ಕು ನಿಮಿಷ ತಡವಾಗಿತ್ತು, ಅಂಕ ಎಪ್ಪತ್ತಕ್ಕೆ ಇಳಿದಿತ್ತು. ಕೆಲಸದ ಹೊತ್ತಿನಲ್ಲಿ ಚೇಷ್ಟೆ ಮಾಡುವವರು ಇಂಜಿನ್ನಿಗೆ ನಾಲಾಯಕ್ಕು ಎಂದು ಗದರಿದ. ಅವಳ ಮುಖ ಸಣ್ಣದಾಯಿತು. ಆಮೇಲೆ ಹನ್ನೊಂದು ತಿಂಗಳು ಅವಳು ಒಂದೇ ಒಂದು ಸಿಗ್ನಲ್ ತಪ್ಪಿಸಲಿಲ್ಲ. ಜ್ವರ ಬಂದು ಮಲಗಿದ ದಿನವೂ ಹಾಸಿಗೆಯಿಂದಲೇ ಕೂಗಿದಳು.

ಆ ಆಟದಲ್ಲಿ ಬಹಳ ಕಷ್ಟದ ರಾತ್ರಿಗಾಡಿಯೊಂದಿತ್ತು. ದಾರಿಯುದ್ದಕ್ಕೂ ಮಂಜು, ಘಟ್ಟದ ಇಳಿಜಾರು, ಒಂಬತ್ತು ನಿಲ್ದಾಣ. ಅದರಲ್ಲಿ ನೂರಕ್ಕೆ ನೂರು ತೆಗೆಯಬೇಕೆಂಬುದು ಚಾಲಕನ ಹಟ. ತೊಂಬತ್ತೆಂಟರವರೆಗೆ ಹೋಗಿ ಹೋಗಿ ಬರುತ್ತಿದ್ದ. ಆ ಎರಡು ಅಂಕ ಅವನ ನಿದ್ದೆ ಕೆಡಿಸಿತ್ತು.

ಒಂದು ಮಧ್ಯಾಹ್ನ ಅವನು ಅದೇ ಗಾಡಿ ಹಿಡಿದು ಕುಳಿತಿದ್ದ. ಇವತ್ತಾದರೂ ಊಟಕ್ಕೆ ಒಟ್ಟಿಗೆ ಕೂರೋಣ ಎಂದು ಹೆಂಡತಿ ಕರೆದಳು. ಗಾಡಿ ಹೊರಟಾಯಿತು, ನೀನು ಉಂಡುಬಿಡು ಎಂದ. ಅವಳು ಮತ್ತೆ ಕರೆಯಲಿಲ್ಲ. ಆರು ನಿಲ್ದಾಣ ಕೂದಲೆಳೆಯಷ್ಟೂ ತಪ್ಪಿಲ್ಲದೆ ದಾಟಿದ್ದಾಯಿತು. ಅವನು ಕೂಗಿದ್ದಕ್ಕೆಲ್ಲ ಅವಳ ಉತ್ತರ ಬಂತು. ಏಳನೆಯದರ ಮೊದಲು ಮಂಜಿನೊಳಗೆ ಒಂದು ದೀಪ ಕಂಡಿತು.

ಅವನು ಹಳದಿ ಎಂದ. ಉತ್ತರ ಬರಲಿಲ್ಲ. ಹಳದಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಕೂಗಿದ. ಅಡುಗೆಮನೆಯಲ್ಲಿ ಒಂದು ಲೋಟ ಉರುಳಿದ ಸದ್ದಾಯಿತು. ಆಮೇಲೆ ಅದೂ ಇಲ್ಲ.

ಇಲ್ಲಿ ಅವನ ಮನಸ್ಸನ್ನು ಸರಿಯಾಗಿ ತಿಳಿದುಕೋ. ಇದನ್ನು ಅವನೇ ನನ್ನೆದುರು ಕುಳಿತು ಹೇಳಿದ. ನಿಯಮ ಅವನಿಗೆ ಮರೆತಿರಲಿಲ್ಲ. ಮೂವತ್ತಾರು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬ್ರೇಕಿನ ಕಡೆಗೆ ಹೋಗಿತ್ತು. ಅಷ್ಟರಲ್ಲಿ, ಊಟಕ್ಕೆ ಬರಲಿಲ್ಲವೆಂದು ಮುನಿಸಿಕೊಂಡಿದ್ದಾಳೆ ಎಂದುಕೊಂಡ. ಇಲ್ಲವೇ ಹೋದ ವರ್ಷದ ಹಾಗೆ ಚೇಷ್ಟೆ ಮಾಡುತ್ತಿದ್ದಾಳೆ, ಓಡಿಹೋದರೆ ನಗುತ್ತ ನಿಂತಿರುತ್ತಾಳೆ ಎಂದುಕೊಂಡ. ಇನ್ನು ಮೂರೇ ನಿಲ್ದಾಣ, ಮುಗಿಸಿಕೊಂಡು ಹೋಗಿ ಸಮಾಧಾನ ಮಾಡಿದರಾಯಿತು ಎಂದು ಕೈ ಹಿಂದಕ್ಕೆ ತೆಗೆದುಕೊಂಡ. ಮುಂದಿನ ಸಿಗ್ನಲುಗಳನ್ನು ತಾನೇ ಕೂಗಿ, ತಾನೇ ಉತ್ತರ ಕೊಟ್ಟುಕೊಂಡ.

ಕೊನೆಯ ನಿಲ್ದಾಣದಲ್ಲಿ ಗಾಡಿ ನಿಲ್ಲಬೇಕಾದ ಗೆರೆಯ ಮೇಲೇ ನಿಂತಿತು. ಕಂಪ್ಯೂಟರಿನ ಪರದೆಯ ಮೇಲೆ ನೂರಕ್ಕೆ ನೂರು ಎಂದು ಮೂಡಿತು. ಹೆಂಡತಿಗೆ ತೋರಿಸಬೇಕೆಂದು ಎದ್ದು ಬಂದ.

ಅವಳು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ವಾಲಿತ್ತು. ಕಣ್ಣು ತೆರೆದೇ ಇತ್ತು, ಬಾಗಿಲ ಕಡೆಗೇ ಇತ್ತು. ಅವಳಿಗೆ ಎಚ್ಚರ ತಪ್ಪಿರಲಿಲ್ಲ. ಅವನು ಕೂಗಿದ್ದು, ಅವನೇ ಉತ್ತರ ಕೊಟ್ಟುಕೊಂಡಿದ್ದು, ಎಲ್ಲವನ್ನೂ ಅವಳು ಬಿದ್ದಲ್ಲಿಂದಲೇ ಕೇಳಿದ್ದಳು.

ಹಾಡುಹಗಲು. ಅಕ್ಕಪಕ್ಕದವರೆಲ್ಲ ಮನೆಯಲ್ಲೇ ಇದ್ದರು. ಆಸ್ಪತ್ರೆ ಎರಡು ಬೀದಿಯಾಚೆ ಇತ್ತು. ಎಲ್ಲರೂ ಕೂಡಿ ಹೊತ್ತುಕೊಂಡು ಹೋದರು. ಲಕ್ವ ಹೊಡೆದಿದೆ ಎಂದು ವೈದ್ಯರು ಹೇಳಿದರು. ಬಿದ್ದು ಎಷ್ಟು ಹೊತ್ತಾಯಿತು ಎಂದು ಕೇಳಿದರು. ಇಂಥ ಪ್ರಶ್ನೆಗೆ ಎಲ್ಲರೂ ಗೊತ್ತಿಲ್ಲ ಎನ್ನುತ್ತಾರೆ. ಚಾಲಕನಿಗೆ ಮಾತ್ರ ನಿಮಿಷದ ಸಮೇತ ಗೊತ್ತಿತ್ತು. ಒಂದು ಗಂಟೆ ಹದಿನಾಲ್ಕು ನಿಮಿಷವಾಯಿತು ಎಂದ. ಬಿದ್ದ ಕೂಡಲೇ ತಂದಿದ್ದರೆ ಮಾತು ಉಳಿಯುತ್ತಿತ್ತೋ ಏನೋ ಎಂದು ವೈದ್ಯರು ನಿಟ್ಟುಸಿರಿಟ್ಟರು. ಅವರು ಅವನನ್ನು ಬೈದಿದ್ದರೂ ಆಗುತ್ತಿತ್ತು, ಬೈಯಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಚಾಲಕ ಆಟವನ್ನು ಬಿಟ್ಟ, ಕೋಣೆಯ ಕಿಟಕಿ ತೆರೆದ, ಹೆಂಡತಿಯ ಮಂಚದ ಪಕ್ಕದಲ್ಲೇ ಉಳಿದ. ತುತ್ತು ಮಾಡಿ ಉಣ್ಣಿಸಿದ, ತಲೆ ಬಾಚಿದ, ರಾತ್ರಿ ಅವಳು ಮಗ್ಗುಲು ಬದಲಿಸಿದರೂ ಎದ್ದು ಕುಳಿತ. ಅವಳು ಆರು ವರ್ಷ ಬದುಕಿದಳು. ಒಂದು ದಿನವೂ ಅವನನ್ನು ಕೋಪದಿಂದ ನೋಡಲಿಲ್ಲ. ಅದನ್ನೇ ಅವನಿಗೆ ತಾಳಲಾಗುತ್ತಿರಲಿಲ್ಲ. ಆಗಾಗ ಅವಳು ಅವನ ಕೈ ಹಿಡಿದುಕೊಂಡು, ತುಟಿ ಅಲ್ಲಾಡಿಸಿ ಏನೋ ಹೇಳಲು ಹೆಣಗುತ್ತಿದ್ದಳು. ನೀರು ಬೇಕೇನೋ, ಹೊದಿಕೆ ಬೇಕೇನೋ ಎಂದು ಅವನು ಒಂದೊಂದನ್ನೇ ಕೇಳುತ್ತಿದ್ದ. ಅದು ಯಾವುದೂ ಅಲ್ಲ. ಅವಳು ಹೇಳಲು ಹೆಣಗುತ್ತಿದ್ದದ್ದು ಹಳದಿ ಎಂದು. ಅದು ತಿಳಿಯಲು ಅವನಿಗೆ ಒಂದು ವರ್ಷ ಬೇಕಾಯಿತು. ತಿಳಿದ ದಿನ ಅವನು ಮಂಚದ ಕಾಲಿಗೆ ತಲೆಯಿಟ್ಟು ಮಗುವಿನಂತೆ ಅತ್ತ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ವಿರೂಪಾಕ್ಷ, ಆ ಒಂದು ಗಂಟೆ ಹದಿನಾಲ್ಕು ನಿಮಿಷದಲ್ಲಿ ಅವನಿಗೆ ಒಮ್ಮೆಯಾದರೂ ಎದ್ದು ಹೋಗಿ ನೋಡಬೇಕು ಅನ್ನಿಸಲಿಲ್ಲವೇ ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

“ಇಲ್ಲ ಮಗು, ಅಷ್ಟು ಹೊತ್ತೂ ಅವನ ಏಕಾಗ್ರತೆಗೆ ಭಂಗವೇ ಬರಲಿಲ್ಲ.”