ಉರಿಯವ್ವ ಬೂದಿ ಹೊದ್ದು ಮಲಗಿದ್ದು

ಲೋಕಕ್ಕೆ ಇನ್ನೂ ಹಾಲುಹಲ್ಲು ಬೀಳದ ಕಾಲ. ಬೆಟ್ಟಗಳು ಮಾತಾಡುತ್ತಿದ್ದವು, ಕರೆದರೆ ಗಾಳಿ ಓಗೊಡುತ್ತಿತ್ತು. ಉಸಿರಾಡುವ ಪ್ರತಿ ಜೀವದ ಹೊಟ್ಟೆಯಲ್ಲೂ ಸೂರ್ಯ ತನ್ನ ಒಬ್ಬೊಬ್ಬ ಮಗಳನ್ನು ಕೂರಿಸಿದ್ದ. ಉಂಡದ್ದನ್ನು ಉರಿಸಿ ಮೈಯನ್ನು ಬೆಚ್ಚಗಿಡುವುದು ಅವರ ಕೆಲಸ.

ಗೂಬೆಯ ಹೊಟ್ಟೆಯವಳಿಗೆ ಹಗಲಿಡೀ ನಿದ್ದೆ. ಪಾರಿವಾಳದ ಹೊಟ್ಟೆಯವಳಿಗೆ ರಾತ್ರಿಯಿಡೀ ನಿದ್ದೆ. ಗುಜ್ಜಪ್ಪನೆಂಬ ಮನುಷ್ಯನ ಹೊಟ್ಟೆಯಲ್ಲಿದ್ದ ಉರಿಯವ್ವನದು ಮಾತ್ರ ನಾಯಿಪಾಡು.

ಯಾಕೆಂದರೆ ಗುಜ್ಜಪ್ಪ ದೀಪ ಹಚ್ಚುವುದನ್ನು ಕಲಿತಿದ್ದ. ಆ ಬೆಳಕನ್ನೇ ಹಗಲೆಂದುಕೊಂಡು, ಹೊತ್ತು ಮುಳುಗಿದ ಮೇಲೂ ಗೆಣಸು, ಜೇನು, ಎಳ್ಳುಂಡೆ ಒಳಗೆ ತಳ್ಳುತ್ತಿದ್ದ. ಉರಿಯವ್ವ ಕಣ್ಣು ಮುಚ್ಚಿದಳೋ ಇಲ್ಲವೋ, ತಲೆಯ ಮೇಲೆ ಎಳ್ಳುಂಡೆ ದೊಪ್ಪೆಂದು ಬೀಳುತ್ತಿತ್ತು. ಎದ್ದು ಉರಿಯಬೇಕು. ಮತ್ತೆ ಮಲಗಿದರೆ ಮತ್ತೆ ಎಳ್ಳುಂಡೆ. ಸಿಟ್ಟು ಬಾರದೆ ಇರುತ್ತದೆಯೇ?

"ಅಲ್ಲಯ್ಯಾ, ನಾನೇನು ನಿನ್ನ ಜೀತದಾಳಾ? ರಾತ್ರಿಯಾದ್ರೂ ನನ್ನ ಬಿಡು" ಎಂದಳು.

"ಹಗಲು ಉರಿಯೋಕಾಗುತ್ತೆ, ರಾತ್ರಿ ಉರಿಯೋಕೆ ನಿನಗೇನು ಧಾಡಿ?" ಎಂದ ಗುಜ್ಜಪ್ಪ, ಬಾಯ್ತುಂಬ ಗೆಣಸಿಟ್ಟುಕೊಂಡೇ.

ಹೀಗೇ ನಡೆದು ಒಂದು ಮುಂಜಾನೆ ಉರಿಯವ್ವ ಆರಿಹೋಗುವ ಹಾಗಾದಳು. ಗುಜ್ಜಪ್ಪನ ಕೈಕಾಲು ತಣ್ಣಗಾದವು, ತುಟಿ ನೀಲಿಯಾಯಿತು. ಅವನ ಹೆಂಡತಿ ಕೆಂಚವ್ವ ಗಾಬರಿಬಿದ್ದು ಸೂರ್ಯನನ್ನು ಕೂಗಿದಳು.

ಸೂರ್ಯ ಬಂದದ್ದೇ ತಡ, ಒಳಗಿನಿಂದ ಉರಿಯವ್ವನ ಸಣ್ಣ ದನಿ ಕೇಳಿತು. "ಅಪ್ಪಾ, ನೀನು ಸಂಜೆಯಾದ್ರೆ ಗುಡ್ಡದ ಹಿಂದೆ ಹೋಗಿ ಮಲಗ್ತೀಯ. ನಿನ್ನ ಮಗಳಿಗೆ ನಿದ್ದೆ ಬೇಡ್ವಾ? ಇದ್ಯಾವ ನ್ಯಾಯ?"

ಸೂರ್ಯ ಕೆಂಚವ್ವನ ಕಡೆ ತಿರುಗಿದ. ಕೆಂಚವ್ವನೇ ಹೇಳಿದಳು: "ರಾತ್ರಿ ನಾನು ಒಲೆಯ ಕೆಂಡಕ್ಕೆ ಬೂದಿ ಮುಚ್ತೀನಿ ಸ್ವಾಮಿ. ಬೆಳಗ್ಗೆ ಊದಿದ್ರೆ ಹೊತ್ತಿಕೊಳ್ಳುತ್ತೆ. ಇವಳೂ ಹಂಗೇ ಮಲಗಲಿ."

"ಹಂಗೇ ಆಗಲಿ" ಎಂದ ಸೂರ್ಯ. "ಕೆಂಡ ಆರದ ಹಾಗೆ ಮೈಯೊಳಗಿನ ಕೊಬ್ಬನ್ನ ಚೂರುಚೂರೇ ಉರಿಸ್ಕೋ ಮಗಳೇ."

ಉರಿಯವ್ವ ಬೂದಿ ಹೊದ್ದು, ಕೊಬ್ಬನ್ನು ಚೂರುಚೂರೇ ಉರಿಸತೊಡಗಿದಳು. ಗುಜ್ಜಪ್ಪನ ಮೈಗೆ ಬಿಸಿ ಬಂತು. ಬಂದದ್ದೇ ಅವನು ಕೇಳಿದ್ದೇನು ಗೊತ್ತೇ? "ಹಂಗಾದ್ರೆ ನಾನು ರಾತ್ರಿ ಉಂಡದ್ದನ್ನ ಯಾರು ಉರಿಸ್ತಾರೆ?"

ಉರಿಯವ್ವನ ಮೈ ಉರಿದುಹೋಯಿತು. "ಸಾಯೋ ಹಾಗಿದ್ದವಳನ್ನ ಹೆಂಗಿದ್ದೀಯ ಅಂತ ಕೇಳಲಿಲ್ಲ, ಊಟದ ಚಿಂತೆ ನಿನಗೆ! ಕೇಳು. ನಾನು ಮಲಗಿದ ಮೇಲೆ ಬಂದದ್ದನ್ನ ಪೂರ್ತಿ ಉರಿಸಲ್ಲ. ಉಳಿದದ್ದನ್ನ ಕೊಬ್ಬು ಮಾಡಿ ನಿನ್ನ ಸೊಂಟಕ್ಕೇ ಕಟ್ತೀನಿ. ಹೊತ್ಕೊಂಡು ತಿರುಗು."

ಹುಟ್ಟುಗುಣ ಸುಟ್ಟರೂ ಹೋಗದು. ಅಂದು ರಾತ್ರಿಯೇ ಗುಜ್ಜಪ್ಪ ದೀಪ ಹಚ್ಚಿ ಊಟಕ್ಕೆ ಕುಳಿತ. ಉರಿಯವ್ವ ಆಡಿದ ಮಾತಿನಂತೆ ನಡೆದಳು.

ಅದಕ್ಕೇ ಮಕ್ಕಳೇ, ಊರೆಲ್ಲ ಮಲಗಿದ ಮೇಲೆ ದಿನಾ ತಟ್ಟೆ ಮುಂದಿಟ್ಟುಕೊಳ್ಳುವವರು ಬೆಳಗ್ಗೆ ಬಾಗಿಲು ದಾಟುವಾಗ, ಇವತ್ತಿಗೂ ಅವರಿಗಿಂತ ಮೊದಲು ಅವರ ಹೊಟ್ಟೆ ಹೊರಗೆ ಬರುತ್ತದೆ.