ನಿದ್ದೆಗೆಟ್ಟ ರಕ್ಕಸ ಮತ್ತು ಪಿಕಪ್ಪಿನ ಬಿರಡೆ

“ಕೇಳಿ, ಎಲ್ಲರೂ ಕೇಳಿ! ಘಟ್ಟದ ತಿರುವಿನಲ್ಲಿ ರಕ್ಕಸ ಕೂತು ಬಂದರಿನ ದಾರಿ ಕಟ್ಟಿದ್ದಾನೆ. ಊರಲ್ಲಿ ಉಪ್ಪು ಮುಗಿದಿದೆ. ಅವನ ಮೂರು ಒಗಟು ಬಿಡಿಸಿ ಒಂದು ಪಿಕಪ್ ಉಪ್ಪು ತಂದವನಿಗೆ ಅರಮನೆಯ ಗಾಡಿಗಳೆಲ್ಲದರ ಒಡೆತನ. ಒಂದು ಉತ್ತರ ತಪ್ಪಿದರೂ ಗವಿಗೆ ತಳ್ಳುತ್ತಾನೆ. ಅಮಾವಾಸ್ಯೆಯ ಹೊತ್ತು ಮುಳುಗಿದಾಗ ಗವಿಯಲ್ಲಿರುವವರೆಲ್ಲ ಅವನಿಗೆ ಊಟ. ಇದು ಕೆಂಗಲ್ಲುದುರ್ಗದ ದೊರೆಯ ಅಪ್ಪಣೆ!”

ಈ ಡಂಗುರ ಕೇಳಿ ಮೊದಲು ಹೊರಟವನು ಅರಮನೆಯ ಡ್ರೈವರ್ ಭರಮ. ಅವನು ಮರಳಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಅವನ ತಮ್ಮ ದ್ಯಾಮ ಉಳಿದ ಹಳೇ ಪಿಕಪ್ ಹತ್ತಿದ.

ದ್ಯಾಮ ಕೂತಲ್ಲಿ ಕೂರುವವನಲ್ಲ. ನಿಂತರೆ ಮೊಣಕಾಲು ಕುಣಿಯುತ್ತಿತ್ತು, ಕೂತರೆ ಬೆರಳು. ಪಿಕಪ್ಪಿನಲ್ಲಿ ಗೇರು ತಾನೇ ಬದಲಾಗುತ್ತಿತ್ತು. ಯಾವ ರೀತಿಯಲ್ಲಿ ಬದಲಾಗಬೇಕೆಂದು ಹೇಳಲು ಸ್ಟೀರಿಂಗಿನ ಪಕ್ಕ ವೀಣೆಯ ಬಿರಡೆಯಂಥದೊಂದಿತ್ತು. ಅದರ ಸುತ್ತ ಉಳಿತಾಯಕ್ಕೆ ಇಕೋ, ಬಿರುಸಿಗೆ ಪವರ್, ಭಾರಕ್ಕೆ ಲೋಡ್ ಎಂದು ಮೂರು ಗುರುತು. ದ್ಯಾಮ ಅದನ್ನು ಸುಮ್ಮನೆ ತಿರುಗಿಸುತ್ತಲೇ ಇರುತ್ತಿದ್ದ. “ಕೈ ಸುಮ್ಮನಿಟ್ಟುಕೊಳ್ಳೋ ಮಂಗ” ಎಂದು ಅಣ್ಣ ಬೈದದ್ದಕ್ಕೆ ಲೆಕ್ಕವಿಲ್ಲ. ಈಗ ಬೈಯಲು ಪಕ್ಕದಲ್ಲಿ ಅಣ್ಣನೂ ಇರಲಿಲ್ಲ.

ತಿರುವಿಗೆ ಬಂದಾಗ ಅವನಿಗಿಂತ ಮುಂದೆ ಒಗಟು ಬಿಡಿಸಲು ಬಂದ ಇನ್ನಿಬ್ಬರ ಪಿಕಪ್ ನಿಂತಿದ್ದವು. ರಕ್ಕಸ ಬಂಡೆಗೆ ಒರಗಿದ್ದ. ಕಣ್ಣು ಕೆಂಡದಂತಿದ್ದರೂ ಸಿಟ್ಟಿನ ಕೆಂಪಲ್ಲ ಅದು. ಮಾತಿಗೊಮ್ಮೆ ಆಕಳಿಸುತ್ತ ಮೊದಲ ಒಗಟು ಹಾಕಿದ.

“ಒಂದೇ ಪಿಕಪ್, ಹಿಂದೆ ಖಾಲಿ. ಒಂದೇ ಬಯಲು ರಸ್ತೆ, ಒಂದೇ ವೇಗ. ಮೊದಲ ದಿನ ತುಂಬಿದ ಟ್ಯಾಂಕಿನಲ್ಲಿ ಊರು ಮುಟ್ಟಿತು. ಮರುದಿನ ಅಷ್ಟೇ ತುಂಬಿಸಿ ಹೊರಟರೂ ಊರು ಕಣ್ಣಿಗೆ ಕಾಣುತ್ತಿದ್ದಂತೆ ಡೀಸೆಲ್ ಮುಗಿದು ನಿಂತಿತು. ಕುಡಿದವರು ಯಾರು?”

“ಕಳ್ಳರು! ಪೈಪು ಹಾಕಿ ಹೀರಿದ್ದಾರೆ” ಎಂದ ದಳವಾಯಿಯ ಮಗ, ಕತ್ತಿ ಹಿರಿದು. ರಕ್ಕಸ ಅವನನ್ನು ಕತ್ತಿಯ ಸಮೇತ ಗವಿಗೆ ಎಸೆದ.

“ಟ್ಯಾಂಕು ಸೋರಿದೆ ಸ್ವಾಮಿ, ನಾನು ಬೇಕಾದರೆ ಹೊಸದು ಕೊಡಿಸುತ್ತೇನೆ” ಎಂದ ಶೆಟ್ಟರ ಮಗ ಪಾರಿಸ. ಅವನೂ ಹೋದ.

ಸೂರ್ಯ ಆಗಲೇ ಕಡಲಿನ ಕಡೆಗೆ ವಾಲಿದ್ದ. ದ್ಯಾಮ ಮುಂದೆ ಬಂದ.

“ಬಿರಡೆ ಕುಡಿಯಿತು” ಎಂದ. “ಮೊದಲ ದಿನ ಅದು ಇಕೋದಲ್ಲಿತ್ತು. ಗಾಡಿ ಬೇಗ ಮೇಲಿನ ಗೇರಿಗೆ ಹೋಗಿ ಎಂಜಿನ್ ನಿಧಾನಕ್ಕೆ ತಿರುಗಿತು. ಮರುದಿನ ಪವರಿಗೆ ತಿರುಗಿಸಿದ್ದಾರೆ. ಕೆಳಗಿನ ಗೇರು ಬಿಡಲೊಲ್ಲದೆ ಎಂಜಿನ್ ಸುಮ್ಮಸುಮ್ಮನೆ ಗಿರಗಿರ ತಿರುಗಿದೆ.”

ರಕ್ಕಸ ನೆಟ್ಟಗೆ ಕೂತ. “ಎರಡನೆಯದು. ಇದೇ ಘಟ್ಟ ಇಬ್ಬರು ಇಳಿದರು. ಒಬ್ಬ ಗುರುಗುಡುತ್ತ ಬಂದ, ಒಬ್ಬ ಬೆಕ್ಕಿನ ಹಾಗೆ ಬಂದ. ಹನಿಯೂ ಕುಡಿಯದವನು ಯಾರು?”

ದ್ಯಾಮ ಬಾಯಿ ತೆರೆಯುವ ಮೊದಲೇ ಗವಿಯಿಂದ ಕೂಗು ಬಂತು. “ಬೆಕ್ಕು ಅನ್ನೋ ತಮ್ಮಾ! ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಡೀಸೆಲ್ ಉಳೀತದೆ. ಅಪ್ಪನ ಕಾಲದಿಂದ ಹಾಗೇ ಇಳಿದಿದ್ದೀವಿ!”

“ಅಣ್ಣಾ! ನೀನು ಅದನ್ನೇ ಹೇಳಿ ಒಳಗೆ ಹೋದದ್ದಾ?”

“ಹೂಂ. ಆದರೂ ನಾನು ಹೇಳಿದ್ದೇ ಸರಿ!”

ದ್ಯಾಮನಿಗೆ ಅಳುವ ಹೊತ್ತಿನಲ್ಲೂ ನಗು ಬಂತು. “ಗುರುಗುಡುವವನು” ಎಂದ. “ಗೇರಿನಲ್ಲಿದ್ದು ಪೆಡಲಿಂದ ಕಾಲು ತೆಗೆದರೆ ಗಾಲಿಯೇ ಎಂಜಿನ್ ತಿರುಗಿಸುತ್ತದೆ, ಡೀಸೆಲ್ ತಾನೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಜೀವ ಹಿಡಿದುಕೊಳ್ಳಲು ಗುಟುಕು ಗುಟುಕು ಕುಡಿಯಲೇಬೇಕು. ಮೇಲೆ ಬ್ರೇಕು ಸುಟ್ಟ ವಾಸನೆ ಬೇರೆ. ಅಣ್ಣಾ, ಆ ವಾಸನೆ ಮರೆತೆಯಾ?”



“ಕೊನೆಯದು” ಎಂದ ರಕ್ಕಸ. ಈಗ ಅವನ ದನಿಯಲ್ಲಿ ಏನೋ ಆಸೆಯಿತ್ತು. “ಖಾಲಿ ಗಾಡಿಯಲ್ಲಿ ಬಯಲಿನಲ್ಲಿ ಅವನಷ್ಟು ಜಿಪುಣನಿಲ್ಲ. ಭಾರ ಹೇರಿ ಏರು ಹತ್ತಿಸಿದರೆ ಅವನೇ ದುಂದುಗಾರ, ಮೇಲಾಗಿ ದಾರಿಯುದ್ದಕ್ಕೂ ನರಳುತ್ತಾನೆ. ಯಾರವನು?”

ದ್ಯಾಮನಿಗೆ ತೋಚಲಿಲ್ಲ. ಬಂಡೆಯ ನೆರಳು ಗವಿಯ ಬಾಯಿಯವರೆಗೆ ಹರಿದಿತ್ತು. ಮೊಣಕಾಲು ಕುಣಿಯತೊಡಗಿತು. ಎಡಗಾಲ ಮೇಲೆ ನಿಂತ, ಬಲಗಾಲಿಗೆ ಬದಲಿಸಿದ, ಮತ್ತೆ ಎಡಕ್ಕೆ.

“ಅಯ್ಯೋ, ಒಂದು ಕಾಲ ಮೇಲೆ ನಿಲ್ಲೋ ಮಾರಾಯ! ನೋಡಿಯೇ ನನಗೆ ಸುಸ್ತಾಗ್ತದೆ” ಎಂದ ರಕ್ಕಸ.

ದ್ಯಾಮ ತನ್ನ ಕಾಲನ್ನೇ ನೋಡಿಕೊಂಡ. “ಇಕೋ” ಎಂದ ಮೆಲ್ಲಗೆ. “ಭಾರವಿದ್ದಾಗ ಇಕೋ ಹೀಗೇ ಮಾಡುತ್ತದೆ. ಅವಸರದಲ್ಲಿ ಮೇಲಿನ ಗೇರಿಗೆ ಹೋಗುತ್ತದೆ, ಎಳೆಯಲಾಗುವುದಿಲ್ಲ. ಡ್ರೈವರ್ ಪೆಡಲ್ ಒತ್ತುತ್ತಾನೆ, ಧಡಕ್ಕನೆ ಕೆಳಗಿಳಿಯುತ್ತದೆ. ಸ್ವಲ್ಪ ಹಗುರಾದರೆ ಮತ್ತೆ ಮೇಲೆ, ಮತ್ತೆ ಕೆಳಗೆ. ಆ ತಳಮಳಕ್ಕೇ ಡೀಸೆಲ್ ಹೋಗುತ್ತದೆ. ಲೋಡಿನಲ್ಲಿಟ್ಟರೆ ಒಂದೇ ಗೇರು ಹಿಡಿದು ಏರುತ್ತದೆ. ಬಯಲಿನಲ್ಲಿ ಅದು ದಂಡ, ಇಲ್ಲಿ ಅದೇ ಉಳಿತಾಯ.”

ರಕ್ಕಸ ಗವಿಯ ಬಂಡೆಯನ್ನು ಪಕ್ಕಕ್ಕೆ ಉರುಳಿಸಿದ. “ನಾನು ಯಾರ ಮಾಂಸಕ್ಕೂ ಕೂತವನಲ್ಲ ಮಗಾ. ಮಲಗಿದ್ದವನು. ನಿಮ್ಮ ಗಾಡಿಗಳು ನರಳುತ್ತ ಏರಿದವು, ಬ್ರೇಕು ಕಿರುಚಿಸುತ್ತ ಇಳಿದವು. ಒಂದು ಜೊಂಪು ಹತ್ತಲು ಬಿಡಲಿಲ್ಲ. ನಿದ್ದೆಗೆಟ್ಟ ಮೇಲೆ ಹಸಿವು ಕೆಡುಕಾಗಿ ಬರುತ್ತದೆ. ಗಾಡಿ ನರಳಿಸದೆ ಓಡಿಸಬಲ್ಲವನಿಗಾಗಿ ಕಾದಿದ್ದೆ, ಇನ್ನು ದಾರಿ ಬಿಟ್ಟೆ.”

ಭರಮ, ದಳವಾಯಿಯ ಮಗ, ಪಾರಿಸ ಕಣ್ಣುಜ್ಜಿಕೊಳ್ಳುತ್ತ ಹೊರಬಂದರು. ಅಣ್ಣತಮ್ಮಂದಿರು ಗುರುಗುಡುತ್ತ ಘಟ್ಟ ಇಳಿದು, ಬಂದರಿನಲ್ಲಿ ಉಪ್ಪು ಹೇರಿ, ಬಿರಡೆಯನ್ನು ಲೋಡಿಗಿಟ್ಟು ಮರುದಿನ ಬೆಳಿಗ್ಗೆ ಏರತೊಡಗಿದರು. ತಿರುವಿನ ಹತ್ತಿರ ಭರಮನಿಗೆ ತಡೆಯಲಾಗಲಿಲ್ಲ. ಡೀಸೆಲ್ ಮುಳ್ಳು ನೋಡಿ, ಬಿರಡೆಯನ್ನು ಇಕೋಗೆ ತಿರುಗಿಸಲು ಕೈ ಚಾಚಿದ. ದ್ಯಾಮ ಆ ಕೈಗೆ ಪಟ್ಟನೆ ಹೊಡೆದ.

“ಕೈ ಸುಮ್ಮನಿಟ್ಟುಕೊಳ್ಳೋ ಮಂಗ!”

ಪಿಕಪ್ ಒಂದೇ ಶ್ರುತಿಯಲ್ಲಿ ಏರಿತು. ರಕ್ಕಸ ಬಂಡೆಗೆ ತಲೆಯಿಟ್ಟು ಬಾಯಿ ತೆರೆದು ಮಲಗಿದ್ದ. ರೆಪ್ಪೆಯೂ ಅಲುಗಲಿಲ್ಲ.

ಆ ಮಧ್ಯಾಹ್ನ ಕೆಂಗಲ್ಲುದುರ್ಗದ ಸಾರಿಗೆ ಉಪ್ಪು ಬಿತ್ತು. ದೊರೆ ಗಾಡಿಗಳ ಬೀಗದ ಕೈಗಳ ಗೊಂಚಲನ್ನು ದ್ಯಾಮನ ಕೈಗಿತ್ತು, “ಕೂತುಕೋ” ಎಂದ. ದ್ಯಾಮ ಕೂತ. ಮೊಣಕಾಲು ಆಗಲೂ ಕುಣಿಯುತ್ತಿತ್ತು. ಯಾರೂ ಅದನ್ನು ನಿಲ್ಲಿಸು ಎನ್ನಲಿಲ್ಲ.