ಕಾಡವರೆ ಸಿಡಿಯುವುದು ಯಾಕೆ

ಲೋಕ ಇನ್ನೂ ಹೊಸದಾಗಿತ್ತು ಮಗಾ. ಗಾಳಿಗೆ ಮಾತು ಬರುತ್ತಿತ್ತು, ಬಳ್ಳಿಗೆ ಸಿಟ್ಟು ಬರುತ್ತಿತ್ತು. ಆಗ ಕಾಡವರೆ ಬೆಟ್ಟದ ಬುಡದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಬೆಳೆಯುತ್ತಿತ್ತು. ಕಾಯಿ ಒಣಗಿದರೂ ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ಬಂದು ಸುಲಿಯಲಿ ಎಂದು ಸುಮ್ಮನೆ ತೂಗಾಡುತ್ತಿತ್ತು. ಅಷ್ಟು ಪಾಪದ ಬಳ್ಳಿ!

ಆ ಬೆಟ್ಟದ ಕೇತವ್ವ ಒಂದು ಕಟ್ಟಳೆ ಮಾಡಿದ್ದಳು. ಪ್ರತಿ ಬಳ್ಳಿಯಲ್ಲೂ ಚೆನ್ನಾಗಿ ಬಲಿತ ಕಾಯಿಗಳಿಗೆ ಹುಲ್ಲಿನ ಎಳೆ ಕಟ್ಟುತ್ತಿದ್ದಳು. ಹುಲ್ಲು ಕಟ್ಟಿದ್ದು ಬಳ್ಳಿಯ ಪಾಲು, ಬೀಜಕ್ಕೆ. ಉಳಿದದ್ದು ಮನುಷ್ಯರ ಪಾಲು, ಹೊಟ್ಟೆಗೆ. ಮಳೆ ಬಿದ್ದಾಗ ಅವಳೇ ಎಳೆ ಬಿಚ್ಚಿ ಬೀಜ ಊರುತ್ತಿದ್ದಳು.

ಒಂದು ವರ್ಷ ಅವಳ ತಮ್ಮ ಮಸಣನ ಮನೆಗೆ ನೆಂಟರು ಬಂದರು. ಕೇತವ್ವ ಗೆಣಸು ಅಗೆಯಲು ಹೋಗಿದ್ದಳು. ತಿರುಗಿ ಬಂದು ನೋಡಿದರೆ ಅವನ ಒಲೆಯ ಮೇಲೆ ಮಡಕೆ ಕುದಿಯುತ್ತಿದೆ, ಒಲೆಯ ಮುಂದೆ ಹುಲ್ಲಿನ ಎಳೆಗಳ ರಾಶಿ ಬಿದ್ದಿದೆ. ಅವಳ ಮೈಯೆಲ್ಲ ಉರಿದುಹೋಯಿತು.

“ಏನ್ಲಾ ಮಸಣ, ಬೀಜದ್ ಕಾಯ್ನೂ ಬೇಯ್ಸ್‌ಬುಟ್ಯಾ?”

“ನೆಂಟ್ರ ಮುಂದೆ ಬಡಕ್ಲು ಕಾಳು ಇಕ್ಕಕ್ಕಾದದಾ ಅಕ್ಕಾ? ದಪ್ಪ ಕಾಯ್ಗೆ ನೀನೇ ಗುರ್ತು ಕಟ್ಟಿದ್ಯಲ್ಲ. ಹುಡ್ಕೋ ಕಷ್ಟನೂ ಇರ್ನಿಲ್ಲ.”

“ನಿನ್ ನಾಲ್ಗೆ ಸೇದೋಗ!” ಕೇತವ್ವ ಮಡಕೆಯನ್ನು ಝಾಡಿಸಿ ಒದ್ದಳು. ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಏನು ಬಂತು? ಬೆಂದ ಬೀಜ ಮೊಳೆಯುತ್ತದೆಯೇ?

ಬಳ್ಳಿಗಳ ಹತ್ತಿರ ಓಡಿದಳು. ಹೊಟ್ಟೆಯ ಪಾಲು ಮೊದಲೇ ಕೊಯ್ದಾಗಿತ್ತು, ಈಗ ಬೀಜದ ಪಾಲೂ ಹೋಗಿ ಎಲ್ಲವೂ ಬರಿದೋ ಬರಿದು. ಕಟ್ಟಕಡೆಯ ಬಳ್ಳಿಯಲ್ಲಿ ಒಂದೇ ಒಂದು ಕಾಯಿ ಉಳಿದಿತ್ತು. ಅದೂ ಹೋದರೆ ಲೋಕದಲ್ಲಿ ಕಾಡವರೆಯೇ ಇಲ್ಲ.

“ಇದೊಂದ ನಂಗ್ ಕೊಡವ್ವ, ನಾನ್ ಕಾಪಾಡ್ತೀನಿ” ಎಂದು ಕೈ ಚಾಚಿದಳು.

“ಕೈ ತೆಗಿ!” ಬಳ್ಳಿ ಗದರಿತು. “ಬಾಯ್ ಮುಚ್ಕೊಂಡು ನಿಮ್ಮನ್ನ ನಂಬ್ದೆ. ಅವ್ನು ಕಳ್ಳ. ನೀನು? ಕಳ್ಳಂಗೆ ಗುರ್ತು ಹಾಕ್ಕೊಟ್ಟೋಳು. ನಿಮ್ ಕಾವ್ಲೂ ಬೇಡ, ನಿಮ್ ಕೈಯೂ ಬೇಡ. ಬಾ ಗಾಳಿಯಣ್ಣ, ನನ್ ಮಕ್ಳ ಎತ್ಕೊ!”

ಬಳ್ಳಿ ಸಿಟ್ಟಿನಲ್ಲಿ ಕಾಯಿಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿತು. ಚಟಾರ್! ಕಾಳುಗಳು ಕೇತವ್ವನ ಕೆನ್ನೆಗೆ ರಪ್ಪನೆ ಬಡಿದು ಮೇಲಕ್ಕೆ ಹಾರಿದವು. ಗಾಳಿ ಅವನ್ನು ಹೊತ್ತುಕೊಂಡು ಹೋಗಿ, ಯಾರೂ ಹತ್ತಲಾರದ ಬಂಡೆಯ ಬಿರುಕಿಗೆ ಹಾಕಿತು. ಕೇತವ್ವ ಕೆನ್ನೆ ಹಿಡಿದುಕೊಂಡು ನಿಂತಳು. ಈಗ ಅವಳಿಗೆ ಮಸಣನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂದಿತ್ತು.

ಅದಕ್ಕೇ ಮಗಾ, ಇವತ್ತಿಗೂ ಕಾಡವರೆ ಎಲ್ಲೋ ಬೆಟ್ಟದ ತುದಿಯ ಬಂಡೆಯಲ್ಲಿ ಒಂದೊಂದು ಸಿಗುತ್ತದೆ; ಅದಕ್ಕೂ ಕೈ ಚಾಚಿದರೆ ಕಾಯಿ ಮೈ ತಿರುಚಿಕೊಂಡು, ಚಟಾರೆಂದು ಸಿಡಿದು, ನಿನ್ನ ಮುಖಕ್ಕೇ ಹೊಡೆಯುತ್ತದೆ.